ದಿನಾ ಬಾಚಿದರೂ ಜಡೆಗಟ್ಟೋ ಕೂದಲು

ಇವತ್ತಿನ ಸಂಚಿಕೆ ಹುಟ್ಟಿದ್ದು ಒಂದು ಪ್ರಶ್ನೆಯಿಂದ. ಕಳಿಸಿದವರು ಇಲ್ಲೇ ಸಿಯಾಟಲ್ ಪಕ್ಕದ ರೆಡ್ಮಂಡ್ ಕಡೆಯ ಕೇಳುಗರೊಬ್ಬರು. ಅವರ ಮನೇಲಿ ಎರಡು ವರ್ಷದ ಕಾಕರ್ ಸ್ಪ್ಯಾನಿಯಲ್ ಇದೆ. ಮನೆಯವರೆಲ್ಲ ಸರದಿ ಹಾಕಿಕೊಂಡು ದಿನಾ ಸಂಜೆ ಅದರ ಮೈಗೆ ಬ್ರಷ್ ಹಾಕ್ತಾರಂತೆ. ಮೇಲೆ ನೋಡೋಕೆ ಹಿಂಜಿದ ಹತ್ತಿಯ ಹಾಗೆ ಚೆಂದವಾಗೇ ಇತ್ತು. ಎಂಟು ವಾರ ಆಯ್ತು ಅಂತ ಗ್ರೂಮರ್ ಹತ್ತಿರ ಬಿಟ್ಟು ಬಂದರು. ಸಂಜೆ ಕರೆದುಕೊಂಡು ಬರೋಕೆ ಹೋದಾಗ ಸಿಕ್ಕಿದ್ದು ಪೂರ್ತಿ ಬೋಳಿಸಿದ ನಾಯಿ. "ಬುಡದಲ್ಲೆಲ್ಲ ಜಡೆಗಟ್ಟಿತ್ತು, ಬೇರೆ ದಾರಿ ಇರಲಿಲ್ಲ" ಅನ್ನೋದು ಅವರು ಕೊಟ್ಟ ಉತ್ತರ. ಮಗಳು ಎರಡು ದಿನ ಮುಖ ಊದಿಸಿಕೊಂಡು ಕೂತಿದ್ದಳಂತೆ. ದಿನಾ ಬಾಚಿದ ಕೂದಲು ಜಡೆಗಟ್ಟೋದು ಹೇಗೆ, ಗ್ರೂಮರ್ ನಮಗೆ ಸುಳ್ಳು ಹೇಳಿದರಾ, ಅಂತ ಕೇಳಿದ್ದಾರೆ.

ಸುಳ್ಳು ಹೇಳಿರಲಿಕ್ಕಿಲ್ಲ. ದಿನಾ ಬಾಚಿಯೂ ಹೀಗಾಗೋದು ಕಾಕರ್ ಸಾಕಿದ ಮನೆಗಳಲ್ಲಿ ತುಂಬಾ ಮಾಮೂಲಿ. ಅದು ಯಾಕೆ ಅಂತ ತಿಳಿಯೋಕೆ ನಾಯಿ ಬೇಕಾಗಿಲ್ಲ, ನಿಮ್ಮ ತಲೆಯ ಒಂದು ಉದ್ದ ಕೂದಲು ಸಾಕು. ನಿಮಗೆ ಉದ್ದ ಕೂದಲಿಲ್ಲದಿದ್ದರೆ ಮನೇಲಿ ಯಾರದ್ದಾದರೂ ಬಾಚಣಿಗೆಯಿಂದ ಒಂದು ಎಳೆ ತಗೊಳ್ಳಿ. ಅದನ್ನ ಹೆಬ್ಬೆರಳು ಮತ್ತು ತೋರುಬೆರಳ ಮಧ್ಯೆ ಹಿಡಿದು, ಎಳೆಯ ಉದ್ದಕ್ಕೇ ಬೆರಳುಗಳನ್ನ ಹಿಂದೆ ಮುಂದೆ ಉಜ್ಜಿ. ಕೂದಲು ತಾನಾಗೇ ಒಂದು ಕಡೆಗೆ ಸರಿಯೋಕೆ ಶುರು ಮಾಡುತ್ತೆ. ಎಳೆನ ತಿರುಗಿಸಿ ಹಿಡಿದು ಮತ್ತೆ ಉಜ್ಜಿ, ಈಗ ವಿರುದ್ಧ ದಿಕ್ಕಿಗೆ ಹೋಗುತ್ತೆ. ಅದು ಯಾವಾಗಲೂ ಸರಿಯೋದು ಬುಡದ ದಿಕ್ಕಿಗೆ.

ಕಾರಣ ಇಷ್ಟು. ಕೂದಲಿನ ಹೊರಮೈ ಮೇಲೆ ಮಂಗಳೂರು ಹೆಂಚು ಹೊದಿಸಿದ ಹಾಗೆ ಸಣ್ಣ ಸಣ್ಣ ಪದರಗಳಿವೆ. ಎಲ್ಲದರ ಬಿಡುಅಂಚು ತುದಿಯ ಕಡೆಗಿದೆ. ಬುಡದಿಂದ ತುದಿಗೆ ಸವರಿದರೆ ನುಣುಪು, ತುದಿಯಿಂದ ಬುಡಕ್ಕೆ ಸವರಿದರೆ ಒರಟು. ಹಾಗಾಗಿ ಉಜ್ಜಾಟದಲ್ಲಿ ಕೂದಲು ಒಂದೇ ದಿಕ್ಕಿಗೆ ಜಾರುತ್ತೆ, ಹಿಂದಕ್ಕೆ ಬರೋಕೆ ಹೋದರೆ ಅಂಚು ಸಿಕ್ಕಿಕೊಳ್ಳುತ್ತೆ. ನೂರಾರು ಎಳೆಗಳು, ಒಂದೊಂದು ಒಂದೊಂದು ದಿಕ್ಕಿಗೆ ಮುಖ ಮಾಡಿಕೊಂಡು, ಹೀಗೆ ಮುಂದಕ್ಕೆ ಮಾತ್ರ ಹೋಗ್ತಾ ಇದ್ದರೆ ಏನಾಗುತ್ತೆ? ಒಂದರೊಳಗೊಂದು ನುಗ್ಗಿ ಬಿಗಿಯಾಗ್ತಾ ಹೋಗುತ್ತೆ. ಉಣ್ಣೆ ಸ್ವೆಟರ್‌ನ ಯಾರೋ ಗೊತ್ತಿಲ್ಲದೆ ವಾಷಿಂಗ್ ಮಷೀನಿಗೆ ಬಿಸಿನೀರಲ್ಲಿ ಹಾಕಿದಾಗ ಅದು ಮಗುವಿನ ಅಳತೆಗೆ ಕುಗ್ಗಿ ಹಲಗೆ ಥರ ಆಗುತ್ತಲ್ಲ, ಅದೇ ಕ್ರಿಯೆ ಇದು.

ಇಲ್ಲಿ ಗಮನಿಸಬೇಕಾದ ಒಂದು ವಿಷಯ ಇದೆ. ಬುಡ ಚರ್ಮದಲ್ಲಿ ಗಟ್ಟಿಯಾಗಿ ನಾಟಿರೋ ಕೂದಲು ಎಷ್ಟು ಉಜ್ಜಿದರೂ ಎಲ್ಲಿಗೂ ಹೋಗಲಾರದು. ಊರು ಬಿಟ್ಟು ಅಲೆಯೋದು ಉದುರಿದ ಕೂದಲು. ಮುಧೋಳದ ನಾಯಿಯಂಥ ಗಿಡ್ಡ ಕೂದಲಿನ ತಳಿಯಲ್ಲಿ ಉದುರಿದ್ದು ನೆಲಕ್ಕೆ, ಸೋಫಾಕ್ಕೆ, ನಿಮ್ಮ ಕಪ್ಪು ಪ್ಯಾಂಟಿಗೆ ಬೀಳುತ್ತೆ. ಕಾಕರ್‌ನಲ್ಲಿ ಅದು ಉದ್ದ ಕೂದಲಿನ ಕಾಡಿನೊಳಗೇ ಉಳಿದುಬಿಡುತ್ತೆ. ನೆಟ್ಟಗೆ ನಿಂತ ಕೂದಲುಗಳ ಮಧ್ಯೆ ನುಗ್ಗಿ, ಅವನ್ನೆಲ್ಲ ಹೊಸೆದು ಕಟ್ಟೋ ದಾರ ಆಗುತ್ತೆ. "ನಮ್ಮ ಕಾಕರ್ ಜಾಸ್ತಿ ಕೂದಲು ಉದುರಿಸಲ್ಲ" ಅಂತ ಕೆಲವರು ಹೆಮ್ಮೆಯಿಂದ ಹೇಳ್ತಾರೆ. ಉದುರೋದು ಉದುರ್ತಾನೇ ಇದೆ, ಹೊರಗೆ ಬರ್ತಿಲ್ಲ ಅಷ್ಟೆ.

ಇದಕ್ಕೆ ಚರ್ಮದ ರಚನೆಯೂ ಕೈಜೋಡಿಸುತ್ತೆ. ದೊಡ್ಡ ನಾಯಿಯ ಚರ್ಮದ ಒಂದು ರಂಧ್ರದಿಂದ ಒಂದೇ ಕೂದಲು ಬರಲ್ಲ. ದಪ್ಪನೆಯ ಮುಖ್ಯ ಕೂದಲಿನ ಸುತ್ತ ತೆಳ್ಳನೆಯ, ಮೆತ್ತನೆಯ ಹಲವು ಉಪಕೂದಲು ಒಟ್ಟಿಗೆ ಹೊರಗೆ ಬರುತ್ತವೆ. ಒಳಗಿನ ಈ ಮೆತ್ತನೆಯದನ್ನ ಒಳತುಪ್ಪಳ ಅನ್ನೋಣ. ಮರಿ ಹುಟ್ಟಿದಾಗ ಇದು ಇರಲ್ಲ, ಬೆಳೀತಾ ಬೆಳೀತಾ ಬರುತ್ತೆ. ಅದಕ್ಕೇ ಆರು ತಿಂಗಳವರೆಗೆ ಏನೂ ತೊಂದರೆ ಕೊಡದ ಮರಿ, ವರ್ಷ ತುಂಬೋ ಹೊತ್ತಿಗೆ ಇದ್ದಕ್ಕಿದ್ದ ಹಾಗೆ ಎಲ್ಲೆಂದರಲ್ಲಿ ಗಂಟು ಕಟ್ಟೋಕೆ ಶುರು ಮಾಡೋದು.

ಕೂದಲು ಉದ್ದ ಯಾಕೆ ಅನ್ನೋದಕ್ಕೆ ಒಂದು ಜೀನ್ ಇದೆ, ಎಫ್‌ಜಿಎಫ್5 ಅಂತ. ಪ್ರತಿ ಕೂದಲಿಗೂ ಬೆಳೆಯೋ ಕಾಲ, ಹಿಮ್ಮೆಟ್ಟೋ ಕಾಲ, ವಿಶ್ರಾಂತಿ ಕಾಲ ಅಂತ ಮೂರು ಘಟ್ಟ. ಬೆಳೆದಿದ್ದು ಸಾಕು ಅಂತ ಹೇಳೋ ಸಂಕೇತಗಳಲ್ಲಿ ಎಫ್‌ಜಿಎಫ್5 ಪ್ರೋಟೀನು ಮುಖ್ಯವಾದದ್ದು. ಅದು ಕೆಟ್ಟರೆ ಸಂಕೇತ ತಡವಾಗುತ್ತೆ, ಕೂದಲು ಬೆಳೀತಾನೇ ಇರುತ್ತೆ. 1994ರಲ್ಲಿ ಈ ಜೀನ್ ತೆಗೆದುಹಾಕಿದ ಇಲಿಗಳಿಗೆ ಅಂಗೋರಾ ಮೊಲದ ಥರ ತುಪ್ಪಳ ಬಂದಿತ್ತು. ನಾಯಿಗಳಲ್ಲಿ ಈ ಪ್ರೋಟೀನಿನ 95ನೇ ಜಾಗದ ಒಂದೇ ಒಂದು ಅಮೈನೋ ಆಮ್ಲ ಬದಲಾಗಿ, ಅಪ್ಪ ಅಮ್ಮ ಇಬ್ಬರಿಂದಲೂ ಆ ಬದಲಾದ ಪ್ರತಿ ಬಂದರೆ ಉದ್ದ ಕೂದಲು. 2009ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಇಲೇನ್ ಆಸ್ಟ್ರಾಂಡರ್ ತಂಡ ಸುಮಾರು 80 ತಳಿಗಳ ಸಾವಿರಕ್ಕೂ ಹೆಚ್ಚು ನಾಯಿಗಳನ್ನ ನೋಡಿ, ತಳಿನಾಯಿಗಳ ತುಪ್ಪಳದ ವೈವಿಧ್ಯದ ಬಹುಪಾಲನ್ನ ಮೂರೇ ಜೀನ್‌ಗಳಿಂದ ವಿವರಿಸಬಹುದು ಅಂತ ತೋರಿಸಿತು. ಉದ್ದಕ್ಕೆ ಒಂದು, ಗುಂಗುರಿಗೆ ಒಂದು, ಮೀಸೆ ಹುಬ್ಬಿಗೆ ಒಂದು. ಅಂದಹಾಗೆ ಆಸ್ಟ್ರಾಂಡರ್ ಅದಕ್ಕೂ ಮೊದಲು ಕೆಲಸ ಮಾಡ್ತಾ ಇದ್ದದ್ದು ನಮ್ಮ ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿ. ಡಿಎನ್‌ಎ ನೋಡಿ ನಾಯಿಯ ತಳಿ ಹೇಳಬಹುದು ಅಂತ 85 ತಳಿಗಳಲ್ಲಿ ತೋರಿಸಿದ 2004ರ ಹೆಸರಾಂತ ಕೆಲಸ ಇಲ್ಲಿಯದೇ.

ಇನ್ನೊಂದು ಕಾರಣ ಇದೆ, ಅದನ್ನ ನಾಯಿ ತರುವಾಗ ಯಾರೂ ಹೇಳಲ್ಲ. ಅಮೆರಿಕದಲ್ಲಿ ಮನೆನಾಯಿಗಳಿಗೆ ಸಾಮಾನ್ಯವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿರುತ್ತಾರೆ. ಕಾಕರ್, ಐರಿಶ್ ಸೆಟರ್, ಉದ್ದ ಕೂದಲಿನ ಡ್ಯಾಶ್‌ಹಂಡ್, ಈ ಥರ ರೇಷ್ಮೆಯಂಥ ಕೂದಲಿನ ತಳಿಗಳಲ್ಲಿ ಆಪರೇಷನ್ ಆದ ಕೆಲವು ತಿಂಗಳಲ್ಲಿ ತುಪ್ಪಳವೇ ಬದಲಾಗೋದುಂಟು. ಹೊಳಪು ಕಡಿಮೆಯಾಗಿ, ಮರಿಯ ಮೈಯಂಥ ಉಣ್ಣೆ ಉಣ್ಣೆ ಕೂದಲು ಮೇಲಕ್ಕೆ ಬರುತ್ತೆ. "ಎಷ್ಟು ಫ್ಲಫಿ!" ಅಂತ ಎಲ್ಲರೂ ಮುದ್ದು ಮಾಡೋದು ಇದನ್ನೇ. ಇದರಿಂದ ಆರೋಗ್ಯಕ್ಕೇನೂ ಕೇಡಿಲ್ಲ, ಈ ಕಾರಣಕ್ಕೆ ಆಪರೇಷನ್ ಬೇಡ ಅಂತಲೂ ನಾನು ಹೇಳ್ತಿಲ್ಲ. ಆದರೆ ಡಾಗ್ ಶೋಗಳಲ್ಲಿ ಕಾಣೋ ಕಾಕರ್‌ನ ರೇಷ್ಮೆ ಕೂದಲಿಗೆ ಸಾಕಾಗೋ ಬಾಚುವಿಕೆ ನಿಮ್ಮ ಮನೆಯ ಉಣ್ಣೆ ಉಂಡೆಗೆ ಸಾಕಾಗಲ್ಲ.

ಇನ್ನು ನಮ್ಮೂರ ಮಳೆ. ಇದು ಕೇಳಿದರೆ ಬೆಂಗಳೂರಿನವರಿಗೆ ಆಶ್ಚರ್ಯ ಆಗಬಹುದು: ಬೆಂಗಳೂರಿನ ವರ್ಷದ ಮಳೆ, ಸಿಯಾಟಲ್‌ನ ವರ್ಷದ ಮಳೆ ಹೆಚ್ಚುಕಡಿಮೆ ಒಂದೇ, ಎರಡೂ ಕಡೆ ಸಾವಿರ ಮಿಲಿಮೀಟರಿನ ಆಸುಪಾಸು. ಅಲ್ಲಿ ಸಂಜೆ ಧೋ ಅಂತ ಸುರಿದು ಮಾರನೇ ದಿನ ಬಿಸಿಲು. ಇಲ್ಲಿ ಅಷ್ಟೇ ನೀರು ಸುಮಾರು 150 ದಿನಗಳಿಗೆ ಹಂಚಿಕೊಂಡು, ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಜಿಟಿಜಿಟಿ. ನಾಯಿ ತೊಪ್ಪೆಯಾಗಲ್ಲ, ಆದರೆ ಪೂರ್ತಿ ಒಣಗೋದೂ ಇಲ್ಲ. ಒದ್ದೆಯಾದ ಕೂದಲು ನೀರು ಹೀರಿ ಉಬ್ಬುತ್ತೆ, ಹೆಂಚುಗಳ ಅಂಚು ಮೇಲೇಳುತ್ತೆ, ತಿಕ್ಕಾಟ ಹೆಚ್ಚುತ್ತೆ. ಜೊತೆಗೆ ಕೆರಾಟಿನ್‌ನೊಳಗಿನ ದುರ್ಬಲ ಹೈಡ್ರೋಜನ್ ಬಂಧಗಳು ನೀರಲ್ಲಿ ಬಿಟ್ಟುಕೊಂಡು, ಒಣಗುವಾಗ ಕೂದಲು ಯಾವ ಆಕಾರದಲ್ಲಿದೆಯೋ ಅದೇ ಆಕಾರದಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ಒದ್ದೆ ಕೂದಲಿಗೆ ರೋಲರ್ ಸುತ್ತಿ ಒಣಗಿಸಿದರೆ ಗುಂಗುರು ನಿಲ್ಲೋದು ಇದರಿಂದಲೇ. ಸಿಕ್ಕಾಗಿದ್ದಾಗ ಒಣಗಿದರೆ ಸಿಕ್ಕೇ ಆಕಾರ. ಅದರ ಮೇಲೆ ನಾವು ಪ್ರೀತಿಯಿಂದ ರೇನ್‌ಕೋಟು ಹಾಕ್ತೀವಿ, ಒಳಗೆ ಎದೆಪಟ್ಟಿ ಇರುತ್ತೆ, ಕಂಕುಳಲ್ಲಿ ಎರಡೂ ಉಜ್ಜುತ್ತವೆ. ಮೇರಿಮೂರ್ ಪಾರ್ಕಿನಲ್ಲಿ ನಾಯಿಗಳನ್ನ ಬಿಟ್ಟು ಆಡಿಸೋಕೆ 40 ಎಕರೆ ಜಾಗ ಇದೆ, ಹೊಳೆಗಿಳಿದು ಈಜಿ ಬಂದ ಕಾಕರ್ ಕಾರಿನ ಸೀಟಲ್ಲಿ ಮುದುಡಿಕೊಂಡು ಒಣಗಿದರೆ, ಅವತ್ತು ರಾತ್ರಿಗೆ ತೊಡೆ ಸಂದಿಯಲ್ಲಿ ಗಂಟು ತಯಾರು.

ಇದೇ ನೀರು, ಇದೇ ಮಳೆಯ ನಾಡಿನಲ್ಲಿ ನಾಯಿಯ ತುಪ್ಪಳ ಹೀಗೆ ಗಂಟು ಕಟ್ಟೋದನ್ನೇ ವರವಾಗಿ ಮಾಡಿಕೊಂಡವರಿದ್ದರು. ಇಲ್ಲಿನ ಮೂಲನಿವಾಸಿಗಳಾದ ಕೋಸ್ಟ್ ಸೇಲಿಶ್ ಜನ ಉಣ್ಣೆಗೋಸ್ಕರವೇ ಒಂದು ಬಿಳಿ ನಾಯಿಯ ತಳಿ ಸಾಕುತ್ತಿದ್ದರು. ಬೇರೆ ನಾಯಿಗಳ ಜೊತೆ ಬೆರೆಯದಂತೆ ದ್ವೀಪಗಳಲ್ಲಿ, ದೊಡ್ಡಿಗಳಲ್ಲಿ ಪ್ರತ್ಯೇಕವಾಗಿಟ್ಟು, ಕುರಿಯ ಹಾಗೆ ಕತ್ತರಿಸಿ, ಬೆಟ್ಟದ ಮೇಕೆಯ ಉಣ್ಣೆ ಬೆರೆಸಿ ನೂತು ಕಂಬಳಿ ನೇಯುತ್ತಿದ್ದರು. 1792ರಲ್ಲಿ ಪ್ಯೂಜೆಟ್ ಸೌಂಡಿಗೆ ಹಡಗು ತಂದ ಕ್ಯಾಪ್ಟನ್ ಜಾರ್ಜ್ ವ್ಯಾಂಕೂವರ್ ಈ ನಾಯಿಗಳನ್ನ ನೋಡಿ ಬರೆದಿಟ್ಟಿದ್ದಾನೆ. ಕತ್ತರಿಸಿದ ತುಪ್ಪಳ ಎಷ್ಟು ದಟ್ಟವಾಗಿತ್ತು ಅಂದರೆ, ದೊಡ್ಡ ತುಂಡಿನ ಒಂದು ಮೂಲೆ ಹಿಡಿದು ಎತ್ತಿದರೂ ಬಿಡಿಬಿಡಿ ಆಗದೆ ಇಡಿಯಾಗಿ ಬರ್ತಿತ್ತಂತೆ. ಆ ಕೇಳುಗರ ಗ್ರೂಮರ್ ತಮ್ಮ ಮೇಜಿನ ಮೇಲೆ ನೋಡಿರೋದು ಬಹುಶಃ ಇದನ್ನೇ. ಮಷೀನ್ ಬುಡದಲ್ಲಿ ಓಡಿದಾಗ ಇಡೀ ತುಪ್ಪಳ ಒಂದು ಅಂಗಿಯ ಥರ ಕಳಚಿ ಬರುತ್ತೆ. ಆ ತಳಿ ಹತ್ತೊಂಬತ್ತನೇ ಶತಮಾನ ಮುಗಿಯೋ ಹೊತ್ತಿಗೆ ಹೆಚ್ಚುಕಡಿಮೆ ಇಲ್ಲವಾಯ್ತು. 1859ರಲ್ಲಿ ಸತ್ತ ಅಂಥದೊಂದು ನಾಯಿಯ ಚರ್ಮ ಮಾತ್ರ ಸ್ಮಿತ್ಸೋನಿಯನ್‌ನಲ್ಲಿ ಉಳಿದಿದೆ. ನಾಯಿಯ ಹೆಸರು ಮಟನ್, ನಾನು ತಮಾಷೆ ಮಾಡ್ತಿಲ್ಲ. 2023ರ ಡಿಸೆಂಬರಿನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅದರ ಜೀನೋಮ್ ಅಧ್ಯಯನ, ಈ ವಂಶ ಬೇರೆ ನಾಯಿಗಳಿಂದ ಸುಮಾರು 5,000 ವರ್ಷಗಳ ಹಿಂದೆಯೇ ಕವಲೊಡೆದಿತ್ತು ಅಂತ ಹೇಳುತ್ತೆ. ಆ ಕೆಲಸದಲ್ಲಿ ಸೇಲಿಶ್ ಹಿರಿಯರ, ನೇಕಾರರ ನೆನಪುಗಳಿಗೂ ಡಿಎನ್‌ಎಯಷ್ಟೇ ಜಾಗ ಕೊಟ್ಟಿದ್ದಾರೆ, ಅದು ನನಗೆ ತುಂಬಾ ಹಿಡಿಸಿತು.

ಸರಿ, ಕಂಬಳಿ ನೇಯೋ ಯೋಚನೆ ಇಲ್ಲದ ನಾವು ಏನು ಮಾಡೋಣ?

ಬ್ರಷ್ ಹಾಕೋ ಉದ್ದೇಶ ಮೈ ಚೆಂದ ಮಾಡೋದು ಅನ್ನೋದನ್ನ ಮೊದಲು ಮರೆತುಬಿಡಿ. ಉದುರಿದ ಕೂದಲನ್ನ ಅದು ದಾರ ಆಗೋಕೆ ಮುಂಚೆ ಹೊರಗೆ ತೆಗೆಯೋದೇ ಕೆಲಸ, ಮತ್ತೆ ಅದು ಇರೋದು ಬುಡದಲ್ಲಿ. ಮೇಲಿಂದ ಸವರೋ ಬ್ರಷ್ಷು ತುದಿಯ ಎರಡು ಸೆಂಟಿಮೀಟರನ್ನ ಬಿಡಿಸಿ, ಕೆಳಗಿನದನ್ನ ಇನ್ನಷ್ಟು ಒತ್ತುತ್ತೆ. ನಮ್ಮ ಕೇಳುಗರ ಮನೇಲಿ ಆಗಿದ್ದು ಇದೇ ಇರಬೇಕು. ಬೈತಲೆ ತೆಗೆಯಿರಿ. ಎಡಗೈಯಿಂದ ಕೂದಲನ್ನ ಮೇಲಕ್ಕೆ ಒತ್ತಿ ಹಿಡಿದು, ಚರ್ಮ ಒಂದು ಗೆರೆಯಾಗಿ ಕಾಣಬೇಕು. ಆ ಗೆರೆಯಿಂದ ಒಂದು ತೆಳ್ಳನೆಯ ಪದರ ಮಾತ್ರ ಕೆಳಗೆ ಬಿಟ್ಟು ಸ್ಲಿಕರ್ ಬ್ರಷ್ ಹಾಕಿ, ಅಂದ್ರೆ ಬಾಗಿದ ಸಣ್ಣ ತಂತಿಗಳಿರೋ ಬ್ರಷ್. ಚರ್ಮಕ್ಕೆ ತಂತಿ ಒತ್ತಿ ಗೀರಬೇಡಿ. ಆ ಪದರ ಆಯ್ತಾ, ಅದರ ಮೇಲೆ ಇನ್ನೊಂದು ಬೈತಲೆ. ಕಾಲಿನ ಕೆಳಗಿಂದ ಶುರು ಮಾಡಿ ಮೇಲಕ್ಕೆ ಹೋಗಿ. ಕೊನೆಗೆ ಸ್ಟೀಲ್ ಬಾಚಣಿಗೆ ಬುಡಕ್ಕೆ ಇಟ್ಟು ತುದಿಯವರೆಗೆ ಎಳೀರಿ. ಎಲ್ಲೂ ನಿಲ್ಲದೆ ಬಂದರೆ ಆ ಜಾಗ ಪಾಸು. ಬ್ರಷ್ ಮೋಸ ಮಾಡುತ್ತೆ, ಬಾಚಣಿಗೆ ಮಾಡಲ್ಲ. ನನ್ನ ಕೇಳಿದರೆ, ಒಂದೇ ಉಪಕರಣಕ್ಕೆ ದುಡ್ಡು ಹಾಕೋದಾದರೆ ಬಾಚಣಿಗೆಗೇ ಹಾಕಿ.

ಇದನ್ನ ದಿನಾ ಇಡೀ ಮೈಗೆ ಮಾಡೋಕಾಗಲ್ಲ, ಬೇಕಾಗಿಯೂ ಇಲ್ಲ. ವಾರಕ್ಕೆ ಎರಡು ಮೂರು ಸಲ ಸರಿಯಾಗಿ ಮಾಡಿದರೆ ದಿನಾ ಮೇಲೆ ಸವರೋದಕ್ಕಿಂತ ಎಷ್ಟೋ ವಾಸಿ. ಕಿವಿಯ ಹಿಂದೆ, ಕತ್ತುಪಟ್ಟಿಯ ಕೆಳಗೆ, ಕಂಕುಳು, ತೊಡೆಸಂದಿ, ಬೆರಳುಗಳ ನಡುವೆ, ಉಜ್ಜಾಟ ಇರೋ ಈ ಐದು ಜಾಗಗಳನ್ನ ಮಾತ್ರ ಮಳೆಗಾಲದಲ್ಲಿ ದಿನಾ ಬೆರಳು ಹಾಕಿ ಮುಟ್ಟಿ ನೋಡಿ. ಗಂಟು ಕಣ್ಣಿಗೆ ಕಾಣೋಕೆ ಮುಂಚೆ ಬೆರಳಿಗೆ ಸಿಗುತ್ತೆ. ಮನೆಯೊಳಗೆ ಬಂದ ತಕ್ಷಣ ಎದೆಪಟ್ಟಿ, ಕೋಟು ಬಿಚ್ಚಿಬಿಡಿ.

ಸಣ್ಣ ಗಂಟು ಸಿಕ್ಕಿದರೆ ಅಜ್ಜಿ ನಿಮ್ಮ ತಲೆಯ ಸಿಕ್ಕು ಬಿಡಿಸುತ್ತಿದ್ದ ರೀತಿಯೇ ಸರಿ. ಬುಡವನ್ನ ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರೆ ಎಳೆತ ಚರ್ಮಕ್ಕೆ ತಾಗಲ್ಲ. ಆಮೇಲೆ ತುದಿಯಿಂದ ಸ್ವಲ್ಪ ಸ್ವಲ್ಪವಾಗಿ ಬುಡದ ಕಡೆಗೆ ಬಿಡಿಸುತ್ತಾ ಬನ್ನಿ. ಒಣ ಗಂಟಿನ ಮೇಲೆ ಚಿಟಿಕೆ ಕಾರ್ನ್‌ಸ್ಟಾರ್ಚ್ ಉದುರಿಸಿದರೆ ಎಳೆಗಳು ಜಾರುತ್ತವೆ, ನಾಯಿಗಳಿಗೇ ಅಂತ ಬರೋ ಕಂಡೀಷನರ್ ಸ್ಪ್ರೇ ಕೂಡ ಹೆಂಚುಗಳ ಮೇಲೆ ಒಂದು ಪದರ ಕೂರಿಸಿ ಅದೇ ಕೆಲಸ ಮಾಡುತ್ತೆ. ಸ್ನಾನ ಮಾಡಿಸೋದಾದರೆ ಗಂಟೆಲ್ಲ ಬಿಡಿಸಿದ ಮೇಲೆಯೇ. ಗಂಟಿರೋ ನಾಯಿಗೆ ನೀರು ಹಾಕೋದು ಅಂದರೆ ಮೇಲೆ ಹೇಳಿದ ಸ್ವೆಟರ್ ಕಥೆಯನ್ನ ಕೈಯಾರೆ ಮಾಡಿದ ಹಾಗೆ. ಟವೆಲಿನಿಂದ ಗಸಗಸ ತಿಕ್ಕಬೇಡಿ, ಒತ್ತಿ ನೀರು ಹೀರಿಸಿ. ಆಮೇಲೆ ತಣ್ಣನೆಯ ಅಥವಾ ಉಗುರುಬೆಚ್ಚಗಿನ ಗಾಳಿಯ ಡ್ರೈಯರ್ ಹಿಡಿದು, ಬಾಚುತ್ತಲೇ ಬುಡದವರೆಗೆ ಒಣಗಿಸಿ. ಕೂದಲು ನೆಟ್ಟಗಿದ್ದಾಗ ಒಣಗಿದರೆ ನೆಟ್ಟಗೇ ನಿಲ್ಲುತ್ತೆ, ಅದೇ ಹೈಡ್ರೋಜನ್ ಬಂಧ ಈಗ ನಮ್ಮ ಕಡೆ.

ತೆಂಗಿನೆಣ್ಣೆ ಬಗ್ಗೆ ಕೇಳೇ ಕೇಳ್ತೀರಿ ಅಂತ ಗೊತ್ತು. ತೆಂಗಿನೆಣ್ಣೆ ಮನುಷ್ಯರ ಕೂದಲಿನೊಳಕ್ಕೆ ಇಳಿದು ಪ್ರೋಟೀನ್ ನಷ್ಟ ತಗ್ಗಿಸುತ್ತೆ ಅನ್ನೋದಕ್ಕೆ ಒಳ್ಳೆ ಪುರಾವೆ ಇದೆ, ಅಜ್ಜಿಯರು ತಪ್ಪೇನೂ ಹೇಳಿರಲಿಲ್ಲ. ಆದರೆ ನಾವು ತಲೆ ನೆಕ್ಕಿಕೊಳ್ಳಲ್ಲ. ನಾಯಿ ಮೈಮೇಲಿನ ಎಣ್ಣೆಯನ್ನ ನೆಕ್ಕಿ ನುಂಗುತ್ತೆ, ಮತ್ತೆ ಕಾಕರ್‌ಗಳು ಮೇದೋಜ್ಜೀರಕ ಗ್ರಂಥಿಯ ಉರಿಯೂತಕ್ಕೆ ಬೇಗ ಒಳಗಾಗೋ ತಳಿಗಳಲ್ಲೊಂದು, ಕೊಬ್ಬು ಅವಕ್ಕೆ ಆಗಿಬರಲ್ಲ. ಮೊದಲೇ ಜಿಡ್ಡು ಚರ್ಮದ ತಳಿ ಬೇರೆ, ಜಿಡ್ಡಲ್ಲಿ ಹುಲುಸಾಗೋ ಯೀಸ್ಟ್ ಅಲ್ಲಿ ಕಾದು ಕೂತಿರುತ್ತೆ. ಹಾಗಾಗಿ ಬೇಡ. ನಮ್ಮ ಶಾಂಪೂ ಕೂಡ ಬೇಡ, ನಮ್ಮ ಚರ್ಮ ತುಸು ಆಮ್ಲೀಯ, ನಾಯಿಯದು ತಟಸ್ಥಕ್ಕೆ ಹತ್ತಿರ. ಟೀ ಟ್ರೀ ಎಣ್ಣೆ ಅಂತೂ ನಾಯಿಗೆ ವಿಷ.

ಈಗ ಹೇಳೋದನ್ನ ದಯವಿಟ್ಟು ಗಮನವಿಟ್ಟು ಕೇಳಿ. ಗಂಟನ್ನ ಕತ್ತರಿಯಿಂದ ಕತ್ತರಿಸಬೇಡಿ. ನಾಯಿಯ ಹೊರಚರ್ಮ ನಮ್ಮದಕ್ಕಿಂತ ತುಂಬಾ ತೆಳು, ಕೂದಲಿರೋ ಕಡೆ ಕೆಲವೇ ಜೀವಕೋಶಗಳಷ್ಟು ದಪ್ಪ, ಮತ್ತೆ ಸಡಿಲ. ಗಂಟನ್ನ ಎತ್ತಿ ಹಿಡಿದಾಗ ಕೆಳಗಿನ ಚರ್ಮ ಡೇರೆಯ ಹಾಗೆ ಅದರ ಜೊತೆಗೇ ಎದ್ದು ಬರುತ್ತೆ, ಕೂದಲು ಎಲ್ಲಿ ಮುಗೀತು, ಚರ್ಮ ಎಲ್ಲಿ ಶುರುವಾಯ್ತು ಅಂತ ಕಾಣಲ್ಲ. ಕಂಕುಳಲ್ಲಿ ಎರಡು ಇಂಚು ಗಾಯ ಮಾಡಿಕೊಂಡು ರಾತ್ರಿ ತುರ್ತು ಚಿಕಿತ್ಸೆಗೆ ಬರೋ ನಾಯಿಗಳ ಕಥೆ ಯಾವ ಪಶುವೈದ್ಯರನ್ನ ಕೇಳಿದರೂ ಹೇಳ್ತಾರೆ. ಕತ್ತರಿಸಲೇಬೇಕಾದರೆ ಕ್ಲಿಪರ್ ಮಷೀನು ಗಂಟು ಮತ್ತು ಚರ್ಮದ ನಡುವೆ ಹೋಗಬೇಕು, ಅದು ಅಭ್ಯಾಸ ಇರೋ ಕೈಗಳ ಕೆಲಸ.

ಕಿವಿಗೆ ಎರಡು ಮಾತು. ಜೋತುಬಿದ್ದ ಭಾರದ ಕಿವಿ, ಒಳಗೆ ತೇವ, ಗಾಳಿ ಕಡಿಮೆ, ಕಾಕರ್‌ಗೆ ಕಿವಿ ಸೋಂಕು ಹೆಚ್ಚು ಅನ್ನೋದು ಹಳೇ ವಿಷಯ. ಗ್ರೂಮಿಂಗ್ ಮಾಡಿಸುವಾಗ ಕಿವಿಯ ಒಳಬದಿಯ, ರಂಧ್ರದ ಸುತ್ತಲಿನ ಕೂದಲನ್ನ ಗಿಡ್ಡ ಮಾಡೋಕೆ ಹೇಳಿ. ಊಟದ ಹೊತ್ತಲ್ಲಿ ಕಿವಿಯನ್ನ ಹಿಂದಕ್ಕೆ ಕಟ್ಟೋ ಬಟ್ಟೆಯ ಕುಲಾವಿ ಹಾಕಿದರೆ ತುದಿ ಸಾರಲ್ಲಿ ಅದ್ದಲ್ಲ. ವಾಸನೆ, ಕೆಂಪು, ತಲೆ ಕೊಡವೋದು ಶುರುವಾದರೆ ಮನೆಮದ್ದು ಬಿಟ್ಟು ವೈದ್ಯರಲ್ಲಿಗೆ ಹೋಗಿ. ಕಿವಿಯ ಕೂದಲು ಹಲಗೆಯಾಗಿ ಜಡೆಗಟ್ಟಿದ್ದನ್ನ ಬೋಳಿಸಿದ ಮೇಲೂ ಒಂದೆರಡು ದಿನ ಕಣ್ಣಿಟ್ಟಿರಿ. ಬಿಗಿತ ತಪ್ಪಿ ರಕ್ತ ಒಮ್ಮೆಗೇ ನುಗ್ಗಿ, ನಾಯಿ ತಲೆ ಕೊಡವಿ ಕೊಡವಿ, ಕಿವಿಯ ಹಾಳೆಯೊಳಗೆ ರಕ್ತ ತುಂಬಿ ಊದಿಕೊಳ್ಳಬಹುದು.

ಮತ್ತೆ ನಮ್ಮ ಕೇಳುಗರ ಬೋಳು ನಾಯಿ. ಗಂಟು ಕಾಲು ಪೂರ್ತಿ, ಹೊಟ್ಟೆ ಪೂರ್ತಿ ಹರಡಿದ್ದರೆ ಬೋಳಿಸಿದ್ದೇ ದಯೆ ಅಂತ ನನ್ನ ಅಭಿಪ್ರಾಯ. ಅಷ್ಟನ್ನೂ ಬಿಡಿಸೋದು ಅಂದರೆ ಗಂಟೆಗಟ್ಟಲೆ ಚರ್ಮ ಎಳೆಯೋದು. ಗಂಟಿನ ಕೆಳಗೆ ತೇವ, ಹುಣ್ಣು, ಚಿಗಟ ಅಡಗಿರಬಹುದು, ಅವೆಲ್ಲ ಕಾಣೋದೂ ಬೋಳಿಸಿದ ಮೇಲೆಯೇ. ಕೂದಲು ಮತ್ತೆ ಬರುತ್ತೆ. ಮೊದಲು ಬರೋದು ಮೆತ್ತನೆಯ ಒಳತುಪ್ಪಳ, ಉದ್ದ ಜಾಲರಿ ಕೂದಲಿಗೆ ಹಲವು ತಿಂಗಳು ಬೇಕು. ಈ ಬೋಳು ಮೈ ಅಭ್ಯಾಸಕ್ಕೆ ಒಳ್ಳೆಯ ಸಮಯ: ಕೂದಲು ಗಿಡ್ಡ ಇದ್ದಾಗ ಬಾಚಿದರೆ ನೋವಿಲ್ಲ, ಒಂದು ತುಂಡು ಕ್ಯಾರೆಟ್ ಕೊಡುತ್ತಾ ಎರಡೇ ನಿಮಿಷ ಬಾಚಣಿಗೆ ತಾಗಿಸಿದರೆ, ಬಾಚೋದು ಅಂದರೆ ತಿಂಡಿ ಅಂತ ನಾಯಿ ಕಲಿಯುತ್ತೆ. ಅದನ್ನ ಮಾಡೋಕೆ ಮಗಳಿಗೇ ಹೇಳಿ.

ಗ್ರೂಮಿಂಗ್ ಅವಧಿಯನ್ನ ಎಂಟು ವಾರದಿಂದ ಐದಕ್ಕೆ ಇಳಿಸಿ. ಇಲ್ಲಿ ಒಂದು ಸಲಕ್ಕೆ ನೂರು ಡಾಲರ್ ದಾಟೋದು ಮಾಮೂಲಿ, ಗೊತ್ತು. ಅಷ್ಟು ಆಗಲ್ಲ ಅಂದರೆ ಮಳೆಗಾಲ ಮುಗಿಯೋವರೆಗೆ ಕಾಲು ಹೊಟ್ಟೆಯ ಕೂದಲನ್ನ ಎರಡು ಮೂರು ಸೆಂಟಿಮೀಟರಿಗೆ ಕತ್ತರಿಸಿಡೋಕೆ ಹೇಳಿ. ಕಾಕರ್ ಅನ್ನೋ ಹೆಸರು ಬಂದಿದ್ದು ಪೊದೆಗಳಿಂದ ವುಡ್‌ಕಾಕ್ ಹಕ್ಕಿ ಎಬ್ಬಿಸೋ ಕೆಲಸದಿಂದ. ಆ ಕೆಲಸಕ್ಕೆ ನೆಲ ಗುಡಿಸೋ ಲಂಗ ಯಾವತ್ತೂ ಬೇಕಿರಲಿಲ್ಲ. ಮುಂದಿನ ಸಲ ನಾಯಿಯನ್ನ ಬಿಡುವಾಗ ಗ್ರೂಮರ್ ಎದುರಿಗೇ ನಿಂತು, ಕಂಕುಳಿಗೆ ಒಮ್ಮೆ ಬಾಚಣಿಗೆ ಹಾಕಿ ತೋರಿಸಿ ಅಂತ ಕೇಳಿ. ಅದು ಎಲ್ಲಿ ನಿಲ್ಲುತ್ತೆ ಅಂತ ನೀವೇ ನೋಡಿಕೊಂಡು ಬನ್ನಿ.